ಹಸಿರು ಡಬ್ಬಿಯ ಮನೆಗಳು

ಫೆಬ್ರವರಿ 9, ಸೋಮವಾರ

...ಅದಕ್ಕೇ ಹೇಳಿದ್ದು, ಕಾಲು ಮುರಿದುಕೊಂಡವಳು ಬಿಂದು, ನಡೆಯಬೇಕಾದವನು ನಾನು. ನಿನ್ನೆ ಇಲ್ಲಿಗೆ ನಿಲ್ಲಿಸಿ ಮಲಗಿದ್ದೆ. ಬಿಂದು ನನ್ನ ಮಗಳು, ಮೈಸೂರಿನಲ್ಲಿ ಎಂಬಿಎ, ಕೊನೆಯ ವರ್ಷ. ಓದುವ ವಿಷಯದ ಹೆಸರು ಹೇಳುವುದರೊಳಗೆ ಬಸ್ಸು ಹೋಗಿರುತ್ತದೆ — ಕನ್ಸ್ಯೂಮರ್ ಬಿಹೇವಿಯರ್ ಅಂಡ್ ಬ್ರ್ಯಾಂಡ್ ಮ್ಯಾನೇಜ್‌ಮೆಂಟ್. ಜನ ಏನು ಕೊಳ್ಳುತ್ತಾರೆ, ಯಾಕೆ ಅದನ್ನೇ ಕೊಳ್ಳುತ್ತಾರೆ. ಅಷ್ಟೇ. ನಮ್ಮ ಪಿಯುಸಿ ಕಾಮರ್ಸಿನಲ್ಲಿ ಒಂದೇ ಸಾಲಿನಲ್ಲಿತ್ತು, ಕನ್ಸ್ಯೂಮರ್ ಈಸ್ ದಿ ಕಿಂಗ್... ಮುಂದಿನದು ಮರೆತಿದೆ.

ಇವಳ ಪ್ರಾಜೆಕ್ಟು ಕಾಫಿಪುಡಿಯ ಮೇಲೆ. ನಂಜನಗೂಡಿನಲ್ಲಿ ಐವತ್ತು ಮನೆ, ನರಸೀಪುರದಲ್ಲಿ ಐವತ್ತು. ಮನೆಗೊಂದು ಫಾರಂ. ಸ್ಕೂಟರಿಂದ ಬಿದ್ದು ಈಗ ಮನೆಯಲ್ಲಿ, ಆರು ವಾರ ಪ್ಲಾಸ್ಟರು. ಮಾರ್ಚ್ ಐದಕ್ಕೆ ಕೊಡಬೇಕು. ಇಲ್ಲದಿದ್ದರೆ ಒಂದು ವರ್ಷ ಹೋಯಿತು.

"ನಾನು ಹೋಗ್ತೀನಿ ಬಿಡು" ಅಂದೆ. ಮೂವತ್ತೊಂದು ವರ್ಷ ಮೀಟರ್ ರೀಡರ್. ಎರಡೂ ತಾಲ್ಲೂಕಿನಲ್ಲಿ ನಾನು ತಟ್ಟದ ಬಾಗಿಲಿಲ್ಲ.

"ಸುಮ್ನೆ ಬರ್ಕೊಂಡು ಬರೋದಲ್ಲ ಅಪ್ಪಾ. ಕೂತು ಕೇಳ್ಬೇಕು."

ಕೇಳೋಣ. ಮಂಡಿ ನೋವು.

ಫೆಬ್ರವರಿ 11, ಬುಧವಾರ

ಇವತ್ತು ನಂಜನಗೂಡಿನಲ್ಲಿ ಹನ್ನೆರಡು ಮನೆ. ಮೊದಲನೆಯದು ಮರಿತಾಯಮ್ಮನದು, ಬಟ್ಟೆ ಒಗೆಯುತ್ತಿದ್ದಳು.

"ಕರೆಂಟು ಫ್ರೀ ಆಗೋಗದೆ, ಇನ್ನೂ ಯಾಕ್ ಸಾ ಬತ್ತೀರಿ?"

"ರಿಟೈರಾಗಿ ನಾಲ್ಕು ವರ್ಷ ಆಯ್ತು ಕಣಮ್ಮ. ಇದು ಕಾಫಿಪುಡಿ ಲೆಕ್ಕ."

"ಅಯ್ಯೋ ಶಿವನೇ, ಕಾಫಿಗೂ ಮೀಟ್ರು ಮಡಗ್ಬುಟ್ರಾ!"

ಬೀದಿಯೆಲ್ಲ ನಕ್ಕಿತು. ಫಾರಮಿನಲ್ಲಿ ಇಪ್ಪತ್ನಾಲ್ಕು ಪ್ರಶ್ನೆ. ಮೂರನೆಯದಕ್ಕೇ ಆ ಹೆಂಗಸಿನ ಕೈ ಮತ್ತೆ ಸೋಪಿಗೆ ಹೋಯಿತು. ಎರಡನೇ ಮನೆಯಲ್ಲಿ ಹಾಲು ಉಕ್ಕಿತು, ಬೈಗುಳ ನನಗೆ.

ಆಮೇಲೆ ನನ್ನ ದಾರಿ ನಾನು ಕಂಡುಕೊಂಡೆ. ಬಾಗಿಲಲ್ಲಿ ನಿಂತರೆ ಅಡಿಗೆಮನೆಯ ಗೂಡು ಕಾಣುತ್ತದೆ. ಗೂಡಿನಲ್ಲಿ ಹಸಿರು ಡಬ್ಬಿ. ಹಿಂದೆ ಅರ್ಧ ಕೇಜಿ ಕಾಫಿಪುಡಿ ಕೊಂಡವರಿಗೆ ಕಂಪನಿಯವರು ಬಿಟ್ಟಿ ಕೊಟ್ಟಿದ್ದು, ಮೇಲೆ ಕಂಪನಿಯ ಹೆಸರು. ಕಂಡರೆ ಆ ಕಂಪನಿಯ ಪುಡಿ ಅಂತ ಟಿಕ್ಕು. ಮಿಕ್ಕ ಪ್ರಶ್ನೆಗೂ ಅದೇ ಅಂದಾಜಿನಲ್ಲಿ ಟಿಕ್ಕು. ಮೀಟರ್ ನೋಡುವವನು ಯಾರನ್ನೂ ಕೇಳುವುದಿಲ್ಲ. ಕೇಳಿದರೆ ನಾವು ಲೈಟೇ ಹಾಕಿಲ್ಲ ಅನ್ನುತ್ತಾರೆ. ಮುಳ್ಳು ಎಲ್ಲಿ ನಿಂತಿದೆಯೋ ಅದು ರೀಡಿಂಗು.

ಫೆಬ್ರವರಿ 17, ಮಂಗಳವಾರ

ನೂರೂ ಮುಗಿಯಿತು. ಎಂಬತ್ತಮೂರು ಮನೆ ಹಸಿರು ಡಬ್ಬಿ. ಬಿಂದು ಕಂಪ್ಯೂಟರಿಗೆ ಹಾಕಿ ಕಾಲೇಜಿನ ಗೈಡಿಗೆ ಕಳಿಸಿದಳು. ಅವರು ಫೋನಿನಲ್ಲೇ ಹೊಗಳಿದರಂತೆ. ಹಳ್ಳಿ ಕಡೆ ಇಷ್ಟೊಂದು ಬ್ರ್ಯಾಂಡ್ ಲಾಯಲ್ಟಿ ಇದೆ ಅಂತ ಯಾರೂ ತೋರಿಸಿರಲಿಲ್ಲವಂತೆ. ಲಾಯಲ್ಟಿ ಅಂದರೆ ನಿಷ್ಠೆ.

"ನಮ್ಮನೇಲೂ ಅದೇ ಅಲ್ವೇನಮ್ಮ. ಇಪ್ಪತ್ತು ವರ್ಷದಿಂದ ಬೇರೆ ಪುಡಿ ನನಗೆ ಸೇರಿದ್ದೇ ಇಲ್ಲ" ಅಂದೆ.

ಬಿಂದು ಕಂಪ್ಯೂಟರ್ ನೋಡುತ್ತಿದ್ದಳು.

ಬಿಂದುವಿನ ಅಮ್ಮ ಸರ್ವಮಂಗಳಾ ತೀರಿಹೋಗಿ ಎರಡು ವರ್ಷ ಮೂರು ತಿಂಗಳು. ಇದ್ದಿದ್ದರೆ ಮಂಡಿಗೆ ಎಣ್ಣೆ ಹಚ್ಚುತ್ತಾ ಬೈಯುತ್ತಿದ್ದಳು.

ಫೆಬ್ರವರಿ 19, ಗುರುವಾರ

ನರಸೀಪುರದಲ್ಲಿ ಗೋವಿಂದಮ್ಮನ ಮನೆಯ ಜಗುಲಿಯಲ್ಲಿ ಕನ್ನಡಕದ ಪೆಟ್ಟಿಗೆ ಬಿಟ್ಟು ಬಂದಿದ್ದೆ. ತರಲು ಹೋದೆ. ಆಕೆ ಒಂದು ಪೇಪರ್ ಪೊಟ್ಟಣ ಬಿಚ್ಚಿ ಹಸಿರು ಡಬ್ಬಿಗೆ ಸುರಿಯುತ್ತಿದ್ದಳು.

"ಏನಮ್ಮ ಅದು?"

"ಕಾಫಿಪುಡಿ ಸಾ. ಮಿಲ್ಲಲ್ಲಿ ಬೀಸಿ ಕೊಡ್ತಾರಲ್ಲ, ಬಿಡಿ ಪುಡಿ."

"ಡಬ್ಬಿ ಕಂಪನೀದಲ್ಲವಾ?"

"ಡಬ್ಬಿ ಕಂಪ್ನೀದು, ಪುಡಿ ನಮ್ದು." ನಕ್ಕಳು. "ಮುಚ್ಚಳ ಬಿಗಿಯಾಗದೆ ಕಣ್ಸಾ, ಗಮಲು ಓಗಾಕಿಲ್ಲ. ಈ ಬೀದೀಲಿ ಎಲ್ಲಾರ್ ಮನೇಲೂ ಅಂಗೇಯ. ನೀವು ಕೇಳ್ನೇ ಇಲ್ವಲ್ಲ?"

ಕೇಳಲಿಲ್ಲ.

ಫೆಬ್ರವರಿ 23, ಸೋಮವಾರ

ಬರೆದಿಲ್ಲ ಮೂರು ದಿನ.

ಆರು ಮನೆಗೆ ಹೋಗಿ ಪರೀಕ್ಷೆ ಮಾಡಿದೆ. ನಾಲ್ಕು ನಂಜನಗೂಡಿನಲ್ಲಿ, ಎರಡು ನರಸೀಪುರದಲ್ಲಿ. ಐದು ಡಬ್ಬಿಯಲ್ಲಿ ಮಿಲ್ಲಿನ ಬಿಡಿ ಪುಡಿ. ಒಂದರಲ್ಲಿ ಸಾಸಿವೆ.

ಯಾರಿಗೂ ಗೊತ್ತಾಗುವುದಿಲ್ಲ. ಗೈಡು ಮೆಚ್ಚಿಯಾಗಿದೆ. ಬಾಯಿ ಮುಚ್ಚಿಕೊಂಡರೆ ಮಗಳು ಪಾಸು. ಸೈಲೆನ್ಸ್ ಈಸ್... ಗೋಲ್ಡೋ, ಸಿಲ್ವರೋ. ಆದರೆ ಮನೆಯಲ್ಲಿ ಕೂತು ರೀಡಿಂಗ್ ಬರೆದವನಲ್ಲ ನಾನು ಒಂದು ದಿನವೂ. ಹೋಗಿದ್ದೆ, ನಿಂತಿದ್ದೆ, ಕಣ್ಣಾರೆ ನೋಡಿದ್ದೆ. ಆದರೂ ನೂರು ಸುಳ್ಳು. ಅವಳ ಹೆಸರಿನಲ್ಲಿ.

ನಾಳೆ ಹೇಳಬೇಕು.

ಫೆಬ್ರವರಿ 24, ಮಂಗಳವಾರ

ಹೇಳಿದೆ. ಬೆಳಿಗ್ಗೆ, ಅವಳು ಕಾಫಿ ಹಿಡಿದಿದ್ದಾಗ.

"ಡಬ್ಬಿ ನೋಡಿ ಬರೆದ್ರಾ? ಎಲ್ಲಾನೂ?"

"ಮೊದಲಿನ ಎರಡು ಮನೆ ಬಿಟ್ಟು..."

"ಅಪ್ಪಾ, ನಾನು ಐದು ಸಲ ಹೇಳಿದ್ದೆ!" ಲೋಟ ಕುಕ್ಕಿದಳು. ಅತ್ತಳು. ಪ್ಲಾಸ್ಟರ್ ಕಾಲನ್ನು ಕೈಯಿಂದ ಗುದ್ದಿದಳು. ನಾನು ಗೋಡೆ ನೋಡುತ್ತಾ ಕೂತೆ. ಕಣ್ಣೊರೆಸಿಕೊಂಡು ತಾನಾಗಿಯೇ ಅಂದಳು.

"ನಮ್ಮನೇಲಿ ಮಾತ್ರ ಹಂಗೆ ಅಂದ್ಕೊಂಡಿದ್ದೆ ಅಪ್ಪಾ."

ಅರ್ಥವಾಗಲಿಲ್ಲ. ಆಮೇಲೆ ಆಯಿತು.

"ನಾನು ಆರನೇ ಕ್ಲಾಸು. ಆ ಕಂಪನಿ ಪುಡಿ ಎಲ್ಲೂ ಸಿಗ್ಲಿಲ್ಲ. ಬೇರೆದನ್ನ ನೀವು ಬಚ್ಚಲಿಗೆ ಚೆಲ್ಲಿದ್ರಿ. ಮೂರು ದಿನ ಮನೇಲಿ ಮಾತಿಲ್ಲ. ನಾಕನೇ ದಿನ ಅಮ್ಮ ಮಿಲ್ ಪುಡೀನ ಆ ಡಬ್ಬಿಗೆ ಹಾಕಿ ಮಾಡ್ಕೊಟ್ರು. ನೀವು ಕುಡಿದು, 'ಇದು ನೋಡು ಕಾಫಿ ಅಂದ್ರೆ' ಅಂದ್ರಿ. ಅವತ್ತಿಂದ ಅದೇ. ಹೇಳಬೇಡ ಅಂದಿದ್ರು."

"ಈಗಲೂ?"

"ಈಗ ನಾನು ತರ್ತೀನಿ."

ಹದಿಮೂರು ವರ್ಷ. ಲಾಯಲ್ಟಿ.

ಮಧ್ಯಾಹ್ನ ಗೈಡಿಗೆ ಫೋನ್ ಮಾಡಿ ಅವಳೇ ಇದ್ದದ್ದು ಇದ್ದ ಹಾಗೆ ಹೇಳಿದಳು. ಬೈಯಲಿಲ್ಲವಂತೆ, ಅದೇ ಭಯ. ಡಬ್ಬಿ ಕಾಣದ ಹದಿನೇಳು ಮನೆ ಲೆಕ್ಕದಿಂದ ತೆಗೆದುಹಾಕಿ, ಮಿಕ್ಕ ಎಂಬತ್ತಮೂರು ಮನೆಗೂ ಮತ್ತೆ ಹೋಗಬೇಕಂತೆ. ದಿನಾಂಕ ಬದಲಾಗುವುದಿಲ್ಲ. ಆಗದಿದ್ದರೆ ಮುಂದಿನ ವರ್ಷ.

"ನಾನೇ ಹೋಗ್ತೀನಿ" ಅಂದೆ.

"ಈ ಸಲ ಕೇಳ್ತೀರಾ?"

ಫೆಬ್ರವರಿ 28, ಶನಿವಾರ

ನಂಜನಗೂಡು ಮುಗಿಯಿತು. ಮೈ ಹಣ್ಣಾಗಿದೆ. ಪ್ರತಿ ಮನೆಯಲ್ಲಿ ಕೂರಬೇಕು. ಕೂತರೆ ಏಳಲು ಆಗುವುದಿಲ್ಲ. ಮರಿತಾಯಮ್ಮ ಮಣೆ ಹಾಕಿ ಇಪ್ಪತ್ನಾಲ್ಕಕ್ಕೂ ಉತ್ತರ ಕೊಟ್ಟಳು, ಜೊತೆಗೆ ಸೊಸೆಯ ಮೇಲೆ ಇಪ್ಪತ್ತೈದು ದೂರು. ಒಂದು ಹಗಲಿಗೆ ಹನ್ನೊಂದು ಮನೆ. ಅದಕ್ಕಿಂತ ಆಗುತ್ತಿಲ್ಲ. ನರಸೀಪುರ ನಲವತ್ತೊಂದು ಬಾಕಿ.

ಮಾರ್ಚ್ 4, ಬುಧವಾರ. ನರಸೀಪುರ, ಹೊಳೆ ಮೆಟ್ಟಿಲು

ಮನೆಗೆ ಹೋಗಿ ಬರೆಯುವಷ್ಟು ತ್ರಾಣ ಇರುವುದಿಲ್ಲ, ಇಲ್ಲೇ ಬರೆಯುತ್ತಿದ್ದೇನೆ. ನಾಳೆ ಕೊಡಬೇಕು. ಫಾರಂ ಬಂದ ಹಾಗೆ ಫೋಟೋ ಹೊಡೆದು ಕಳಿಸುತ್ತಿದ್ದೇನೆ, ಬಿಂದು ಅಲ್ಲಿ ಕೂತು ಹಾಕುತ್ತಿದ್ದಾಳೆ. ಬೆಳಿಗ್ಗೆಯಿಂದ ಎಂಟು ಸಲ ಫೋನು. ಬೈಗುಳವಿಲ್ಲ, ಊಟ ಮಾಡಿದ್ರಾ ಅಂತ.

ಈಗ ಬಂದದ್ದು ಮಂಗಳಮ್ಮನ ಮನೆಯಿಂದ. ಬಿಡಿ ಪುಡಿಯೆಂದು ಗೊತ್ತು, ಪಕ್ಕದ ಮನೆಯವರು ಹೇಳಿದ್ದರು. ಆದರೆ ಅವಳ ಬಾಯಿಂದ ಕೇಳಬೇಕು. ಕೇಳಲು ಹೋದರೆ ಗಂಡ ನಂಜುಂಡ ಅಲ್ಲೇ ಮಂಚದ ಮೇಲೆ.

"ಅದೇನ್ ಕೇಳ್ತೀರಿ ಸಾ, ಬರ್ಕಳಿ. ಅಸ್ರು ಡಬ್ಬೀದೆ. ಬೇರೆದು ನನ್ಗೆ ಗಂಟಲಲ್ಲಿ ಇಳಿಯಾಕಿಲ್ಲ."

ಮಂಗಳಮ್ಮ ನನ್ನ ಪೆನ್ನನ್ನೇ ನೋಡುತ್ತಿದ್ದಳು. ಫಾರಮನ್ನು ಅವಳ ಕಡೆ ತಿರುಗಿಸಿದೆ. ಪೆನ್ನಿನ ತುದಿ 'ಬಿಡಿ ಪುಡಿ' ಅನ್ನುವ ಚೌಕದ ಮೇಲಿಟ್ಟು, "ಇದೇ ಅಲ್ಲವೇನಮ್ಮ?" ಅಂದೆ.

"ಅದೇಯ ಸಾ" ಅಂದಳು.

ಟಿಕ್ಕು ಹಾಕಿದೆ. ನಂಜುಂಡ "ನಾನ್ ಯೋಳ್ನಿಲ್ವಾ" ಅಂದ.

ಕುಡಿದೇ ಹೋಗಬೇಕೆಂದು ಕಾಫಿ ತಂದಳು. ನಂಜುಂಡ ಒಂದು ಗುಟುಕು ಕುಡಿದು ತಲೆಯಾಡಿಸಿದ. ಅವನು ಲೋಟ ಎತ್ತಿದಾಗಿನಿಂದ ಆ ತಲೆ ಆಡುವವರೆಗೆ ಅವಳು ಬಾಗಿಲ ಚೌಕಟ್ಟು ಹಿಡಿದು ಅವನ ಮುಖ ನೋಡುತ್ತಾ ನಿಂತಿದ್ದಳು. ಆಮೇಲೆ ಒಳಗೆ ಹೋದಳು. ಅವನು ತಿರುಗಿ ನೋಡಲಿಲ್ಲ. ಹದಿಮೂರು ವರ್ಷ ಬೆಳಿಗ್ಗೆ ಸಂಜೆ ನನ್ನ ಬೆನ್ನ ಹಿಂದೆಯೂ ಹೀಗೆ...

ಇನ್ನು ಏಳು ಮನೆ. ಬೆಳಕು ಹೋಗುತ್ತಿದೆ, ಗೆರೆ ಕಾಣುತ್ತಿಲ್ಲ. ಹೊಲದಿಂದ ಗಂಡಸರು ಮನೆಗೆ ಬರುವ ಹೊತ್ತು, ಅವರು ಬಂದು ಕೂರುವುದರೊಳಗೆ ಹೆಂಗಸರನ್ನು ಕೇಳಿ —