ಇನ್ನೂರೈವತ್ತು ಕೋಟಿ ವರ್ಷದ ಗೋಡೆ

೧೪ ಸೆಪ್ಟೆಂಬರ್ ೧೯೮೧, ಸೋಮವಾರ

ಏಳಕ್ಕೇ ಗಣಿಗೆ. ಲಾರಿ ದಾರಿಯೆಲ್ಲ ಕೆಸರು. ಚಿಕ್ಕನಾಯಕನಹಳ್ಳಿಯಿಂದ ಅರ್ಧ ದಾರಿ ಸೈಕಲ್ ತಳ್ಳಿಕೊಂಡೇ ಬಂದೆ. ಆರು ಸ್ಯಾಂಪಲ್ ತೆಗೆದು ಚೀಟಿ ಕಟ್ಟಿದೆ. ಮ್ಯಾಂಗನೀಸ್ ಚೆನ್ನಾಗಿದೆ. ಮ್ಯಾನೇಜರ್ ಶಂಭುಲಿಂಗಯ್ಯನವರಿಗೆ ಅಷ್ಟಾದರೆ ಸಾಕು.

ಗಣಿಯ ಜಿಯಾಲಜಿಸ್ಟ್ ನಾನೇ ಎಂದು ಹೈಸ್ಕೂಲಿನ ವಸ್ತುಪ್ರದರ್ಶನಕ್ಕೆ ಭೂಮಿಯ ಯುಗಗಳ ಚಾರ್ಟ್ ಬರೆದುಕೊಡಬೇಕು. ಊಟದ ಹೊತ್ತಿನಲ್ಲಿ ಶೆಡ್ಡಿನಲ್ಲಿ ಹಾಳೆ ಹರಡಿದ್ದೆ. ದುರ್ಗಯ್ಯ ಬಂದು ನಿಂತ. ಹದಿನೆಂಟು ವರ್ಷದಿಂದ ಇಲ್ಲಿ ಮದ್ದು ಸಿಡಿಸುವವನು ಅವನೇ. ಹೆಂಡತಿ ಕೆಂಪಕ್ಕ ಕೆಳಗೆ, ಅದಿರು ಒಡೆದು ಆರಿಸುವ ಹೆಂಗಸರ ಜೊತೆ.

"ಇದೇನ್ ಸಾ, ಬಣ್ಣಬಣ್ಣದ ಪಟ್ಟೆ?"

ಹೇಳಿದೆ. ಅಡಿಯಲ್ಲಿ ಆರ್ಕಿಯನ್, ಅದರ ಮೇಲೆ ಪ್ರೊಟೆರೊಜೋಯಿಕ್: ಕಲ್ಲು, ನೀರು, ಪಾಚಿಯಂಥ ಜೀವ, ಅಷ್ಟೇ. ಆಮೇಲೆ ಪೇಲಿಯೊಜೋಯಿಕ್—ಮೀನು, ಕಪ್ಪೆಯ ಪೂರ್ವಜರು, ಜರೀಗಿಡದ ಕಾಡು. ಮೀಸೊಜೋಯಿಕ್—ದೈತ್ಯ ಉರಗಗಳು. ತುದಿಯಲ್ಲಿ ಸೀನೊಜೋಯಿಕ್. ನಾವಿರುವುದು ಅದರಲ್ಲಿ.

"ನಮ್ ಗುಡ್ಡ ಯಾವ್ದ್ರಾಗ್ ಬತ್ತದೆ?"

ಅಡಿಯ ಪಟ್ಟೆ ತೋರಿಸಿದೆ. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದು. ಮೀನಿನ ಕಾಲದ ಕಲ್ಲು, ಉರಗಗಳ ಕಾಲದ ಕಲ್ಲು ನಮ್ಮ ಸೀಮೆಯಲ್ಲಿ ಇಲ್ಲವೇ ಇಲ್ಲ. ಹಳೇ ಬಂಡೆ, ಅದರ ಮೇಲೆ ನೇರ ಇವತ್ತಿನ ಕೆಮ್ಮಣ್ಣು, ತೆಂಗಿನ ಬೇರು.

"ಒಂದ್ ಯುಗ ಮುಗೀತು ಅಂತ ಎಂಗ್ ಗೊತ್ತಾಯ್ತದೆ ಸಾ?"

"ಇದ್ದ ಜೀವಗಳು ಹಿಂಡುಹಿಂಡಾಗಿ ಸತ್ತಿರ್ತಾವೆ. ಮೇಲಿನ ಕಲ್ಲಲ್ಲಿ ಅವುಗಳ ಗುರುತೇ ಸಿಗಲ್ಲ."

ಗಣಿ ಗುಂಡಿಯ ಕಡೆ ಕೈ ತೋರಿದ. ಆಮೇಲೆ, "ಉತ್ತರದ ಗೋಡೆ ನೆತ್ತಿ ಮ್ಯಾಲೆ ಒಂದು ಸೀಳು ಬಿಟ್ಟೈತೆ. ನೋಡಿದ್ರಾ?"

ನೋಡಿರಲಿಲ್ಲ.

೧೫ ಸೆಪ್ಟೆಂಬರ್

ಹತ್ತಿ ನೋಡಿದೆ. ಗುಂಡಿಯ ಅಂಚಿಗೆ ಸಮಾನಾಂತರವಾಗಿ, ನಲವತ್ತು ಹೆಜ್ಜೆ ಉದ್ದದ ಸೀಳು. ಬೆರಳು ಹೋಗುತ್ತದೆ. ಕಲ್ಲಿನ ಪದರಗಳೆಲ್ಲ ಗುಂಡಿಯ ಕಡೆಗೇ ವಾಲಿವೆ—ಮಾಡಿನ ಹಂಚಿನ ಹಾಗೆ. ನಡುವೆ ಜೇಡಿಮಣ್ಣಿನ ಒಂದು ಪದರ. ಮಳೆನೀರು ಕುಡಿದು ಬೆಣ್ಣೆಯಾಗಿದೆ.

ನೇರ ಕೆಳಗೆ ಹೆಂಗಸರು. ಎಣಿಸಿದೆ. ಮೂವತ್ತೆಂಟು ಜನ.

ಸೀಳಿನ ಎರಡೂ ಕಡೆ ಗೂಟ ಹೊಡೆದು ಟೇಪು ಹಿಡಿದೆ. ಗೂಟದಿಂದ ಗೂಟಕ್ಕೆ ಹನ್ನೆರಡು ಇಂಚು. ಸೀಳು ಅಗಲವಾದರೆ ಇದೂ ಹೆಚ್ಚುತ್ತದೆ.

೧೮ ಸೆಪ್ಟೆಂಬರ್, ಶುಕ್ರವಾರ

ಹನ್ನೆರಡೂ ಮುಕ್ಕಾಲು.

ಗೋಡೆ ಜಾರುತ್ತದೆ, ಅದರ ಕೆಳಗಿನ ಕೆಲಸ ನಿಲ್ಲಿಸಿ ಎಂದು ಮ್ಯಾನೇಜರಿಗೆ ಬರೆದುಕೊಟ್ಟೆ. ಓದಿ ನಕ್ಕರು. "ಕಾಡಸಿದ್ದಪ್ಪ, ಚಾರ್ಟಿನಲ್ಲಿ ನೀವೇ ಬರೆದಿದ್ದಲ್ವೇನ್ರೀ ಇನ್ನೂರೈವತ್ತು ಕೋಟಿ ವರ್ಷ ಅಂತ? ಅಷ್ಟು ಕಾಲ ನಿಂತಿರೋದು, ನೀವು ಕೆಲಸಕ್ಕೆ ಸೇರಿದ ಎಂಟು ತಿಂಗಳಿಗೆ ಬೀಳುತ್ತಾ?"

"ಬುಡ ಗಟ್ಟಿ ಇತ್ತು, ನಿಂತಿತ್ತು ಸಾರ್. ಬುಡ ಕಡಿದಿದ್ದು ನಾವು."

"ತಿಂಗಳ ಕೊನೆಗೆ ವ್ಯಾಗನ್ ಲೋಡಿದೆ. ಅದು ಮುಗೀಲಿ, ನೋಡೋಣ." ಕಾಗದ ಡ್ರಾಯರಿಗೆ ಹೋಯಿತು.

ಗಣಿ ಇನ್‌ಸ್ಪೆಕ್ಟರಿಗೆ ಬರೆಯಬೇಕು. ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ...

೨೦ ಸೆಪ್ಟೆಂಬರ್, ಭಾನುವಾರ. ಹಾಲ್ಕುರಿಕೆ

ಮನೆಯಲ್ಲಿ ಕೂತು ಚಾರ್ಟಿಗೆ ಬಣ್ಣ ತುಂಬಿದೆ. ಪೇಲಿಯೊಜೋಯಿಕ್‌ನ ಕೊನೆಗೆ ಸಮುದ್ರದ ಜೀವಜಾತಿಗಳಲ್ಲಿ ಹೆಚ್ಚುಕಡಿಮೆ ಎಲ್ಲ ನಾಶ. ಪುಸ್ತಕದಲ್ಲಿ ಅದಕ್ಕೆ ಒಂದೇ ಸಾಲು. ಕಾರಣ ಖಚಿತವಿಲ್ಲವಂತೆ.

ಹೊರಗೆ ಒಂದೇ ಸಮ ಮಳೆ. ಕೈ ಓಡಲಿಲ್ಲ. ಅಮ್ಮ ಗುರುಶಾಂತಮ್ಮ, "ಜ್ವರ ಏನೋ?" ಎಂದು ಹಣೆ ಮುಟ್ಟಿ ನೋಡಿದರು.

೨೨ ಸೆಪ್ಟೆಂಬರ್

ಹದಿನಾಲ್ಕೂವರೆ.

ಕೆಂಪಕ್ಕನಿಗೆ ಹೇಳಿದೆ, ಅಲ್ಲಿ ಕೂರಬೇಡಿ ಎಂದು. ಸುತ್ತಿಗೆ ನಿಲ್ಲಿಸದೆಯೇ ಉತ್ತರ. "ಅದಿರು ಬೀಳಾದೇ ಇಲ್ಲಿ ಸೋಮಿ. ನಾನ್ ಎದ್ರೆ ಇನ್ನೊಬ್ಳು ಬಂದು ಕೂತ್ಕತಾಳೆ. ಅವ್ಳ್ ಮ್ಯಾಲ್ ಬಿದ್ರೆ ಆಯ್ತದಾ?"

ಇನ್‌ಸ್ಪೆಕ್ಟರಿಗೆ ಬರೆದ ಕವರ್ ಚೀಲದಲ್ಲೇ ಇದೆ. ಪೋಸ್ಟ್ ಆಫೀಸಿನ ಮುಂದೆ ಎರಡು ಸಲ ಹೋದೆ.

೨೪ ಸೆಪ್ಟೆಂಬರ್, ಗುರುವಾರ

ಗೋಡೆಯಿಂದ ಸಣ್ಣ ಕಲ್ಲು ತಾವಾಗಿಯೇ ಉದುರುತ್ತಿವೆ. ಸಂಜೆ ಅದರ ಬುಡದಲ್ಲೇ ಐದು ತೂತು ಕೊರೆದು ಮದ್ದು ಸಿಡಿಸಲು ಮ್ಯಾನೇಜರ್ ಹುಕುಂ. ಬೇಡವೆಂದೆ. ಕೇಳಲಿಲ್ಲ.

ದುರ್ಗಯ್ಯನನ್ನು ಶೆಡ್ಡಿಗೆ ಕರೆದೆ. ಮದ್ದು ಸಿಡಿಯದೆ ತೂತಿನಲ್ಲೇ ಉಳಿದರೆ, ಅದನ್ನು ತೆಗೆಯುವವರೆಗೆ ಯಾರೂ ಗುಂಡಿಗೆ ಇಳಿಯುವಂತಿಲ್ಲ. ರೂಲು. "ಒಂದು ಮಿಸ್‌ಫೈರ್ ಆಯ್ತು ಅಂತ ಹೇಳು" ಎಂದೆ.

ಅವನ ಮುಖ ಬಿಗಿಯಿತು. "ಹದ್ನೆಂಟು ವರ್ಸದಾಗೆ ನನ್ ಕೈಯಾಗೆ ಒಂದೂ ಆಗಿಲ್ಲ ಸಾ."

"ಗೊತ್ತು."

ಬೀಡಿ ಹಚ್ಚಿ, ಸೇದದೆ ಹಿಡಿದುಕೊಂಡಿದ್ದ. "ಅವ್ಳೂ ಅಲ್ಲೇ ಕೂತವ್ಳೆ... ಆಗ್ಲಿ ಬುಡಿ."

ಐದು ಸದ್ದು ಕೇಳಿತು. ದುರ್ಗಯ್ಯ ನಾಲ್ಕು ಎಂದ. ನಾನೂ ನಾಲ್ಕು ಎಂದೆ.

೨೫ ಸೆಪ್ಟೆಂಬರ್

ಗುಂಡಿ ಖಾಲಿ. ಕೆಂಪು ಬಾವುಟ. ಹೆಂಗಸರೆಲ್ಲ ಮೇಲೆ, ಹಳೇ ಅದಿರಿನ ರಾಶಿಯ ಹತ್ತಿರ. ಹತ್ತು ದಿನದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೆ. ಹದಿನೇಳು ಇಂಚು.

೨೬ ಸೆಪ್ಟೆಂಬರ್, ಶನಿವಾರ. ಮಧ್ಯಾಹ್ನ ೨

ಮ್ಯಾನೇಜರ್ ಕೂಗಾಡಿದರು. ಉಳಿದ ಮದ್ದನ್ನು ದುರ್ಗಯ್ಯ ಇವತ್ತೇ ಹುಡುಕಿ ತೆಗೆಯಬೇಕು. ಇಲ್ಲದಿದ್ದರೆ ಸೋಮವಾರ ಅವರೇ ಎಲ್ಲರನ್ನೂ ಇಳಿಸುತ್ತಾರಂತೆ.

ಇಲ್ಲದ ಮದ್ದನ್ನು ಎಲ್ಲಿಂದ ತೆಗೆಯುವುದು? ನಿಜ ಹೇಳಿಬಿಡುತ್ತೇನೆ ಎಂದೆ. ದುರ್ಗಯ್ಯ ಕೈ ಹಿಡಿದ. "ಏಳ್ಬ್ಯಾಡಿ ಸಾ, ಈಗ್ಲೇ ಇಳಿಸ್ಬುಡ್ತಾರೆ. ಒಂದ್ ಸುತ್ತು ಉಡುಕ್ದಂಗ್ ಮಾಡಿ, ಸಿಗ್ನಿಲ್ಲ ಅಂತ ಬತ್ತೀನಿ. ಇನ್ನೆಲ್ಡ್ ದಿನ ಸಿಕ್ತದೆ. ಅಷ್ಟ್ರಾಗೆ ಗೋಡೆ ತಾನೇ ಬಿದ್ದೋಯ್ತದೆ."

ದಕ್ಷಿಣದ ಅಂಚಿನಲ್ಲೇ ಇರು ಎಂದಿದ್ದೇನೆ. ಈಗ ಇಳಿಯುತ್ತಿದ್ದಾನೆ.

೩ ಅಕ್ಟೋಬರ್, ಶನಿವಾರ

ಪೆನ್ನು ಹಿಡಿಯಲಾಗಿರಲಿಲ್ಲ.

ಅವತ್ತು ದುರ್ಗಯ್ಯ ದಕ್ಷಿಣದಲ್ಲೇ ಇದ್ದ. ಮ್ಯಾನೇಜರ್ ಮೇಲೆ ನಿಂತು, "ತೂತು ಹೊಡೆದದ್ದು ಅಲ್ಲಿ, ಇಲ್ಲೇನ್ ಹುಡುಕ್ತಿದ್ದೀಯ?" ಎಂದು ಕೂಗಿದರು. ದುರ್ಗಯ್ಯ ತಲೆಯೆತ್ತಿ ನನ್ನ ಕಡೆ ನೋಡಿದ. ನಾನು ಬಾಯಿ ಬಿಡಲಿಲ್ಲ. ಉತ್ತರಕ್ಕೆ ನಡೆದ.

ದೊಡ್ಡ ಸದ್ದೇನೂ ಇಲ್ಲ. ಗೋಡೆ ಜಾರಿತು. ಧೂಳು.

ಹೊರತೆಗೆಯಲು ಎರಡು ದಿನ. ಕೆಂಪಕ್ಕ ಎರಡು ದಿನವೂ ಅಂಚಿನಲ್ಲೇ. ಒಂದೇ ಮಾತು ಕೇಳಿದಳು. "ಮದ್ದು ಸಿಡೀತಾ ಸೋಮಿ?"

ನಾನು ಶೆಡ್ಡಿನ ಕಡೆ ನಡೆದೆ. ಮಿಸ್‌ಫೈರ್ ಆಗಿದ್ದರಿಂದ ನಾವು ಉಳಿದೆವು ಎಂದು ಉಳಿದ ಹೆಂಗಸರು ದೇವರಿಗೆ ಕೈ ಮುಗಿಯುತ್ತಿದ್ದಾರೆ.

೫ ಅಕ್ಟೋಬರ್, ಸೋಮವಾರ

ನಾಳೆ ಹತ್ತಕ್ಕೆ ಗಣಿ ಇನ್‌ಸ್ಪೆಕ್ಟರ್ ವಿಚಾರಣೆ. ಮ್ಯಾನೇಜರ್ ಟೈಪ್ ಮಾಡಿಸಿದ ಕಾಗದ ಮುಂದಿಟ್ಟರು. ಸಿಡಿಯದೆ ಉಳಿದ ಮದ್ದನ್ನು ದುರ್ಗಯ್ಯ ಅಜಾಗರೂಕತೆಯಿಂದ ಕೆದಕಿದ್ದರಿಂದ ಸ್ಫೋಟ, ಅದರಿಂದ ಕುಸಿತ. ಗೋಡೆಯಲ್ಲಿ ದೋಷವಿರಲಿಲ್ಲ. ಕೆಳಗೆ ನನ್ನ ಹೆಸರು.

"ನಾಲ್ಕೇ ಸದ್ದು ಅಂತ ಅವತ್ತು ನೀವೇ ಹೇಳಿದ್ದಲ್ವೇನ್ರೀ? ಸಹಿ ಹಾಕಿ. ನಿಮ್ಮ ಖಾಯಂ ಆರ್ಡರ್ರೂ ರೆಡಿ ಇದೆ."

ಯೋಚಿಸಿ ಹೇಳುತ್ತೇನೆ ಎಂದು ಗೋಡೆ ಹತ್ತಿದೆ. ಬಿದ್ದ ಅಂಚಿನಿಂದ ಇಪ್ಪತ್ತು ಹೆಜ್ಜೆ ಹಿಂದೆ, ಹುಲ್ಲಿನ ನಡುವೆ, ಹೊಸ ಸೀಳು. ವಿಚಾರಣೆ ಮುಗಿದರೆ ನಾಡಿದ್ದಿನಿಂದ ಹೆಂಗಸರು ಕೆಳಗೆ.

೬ ಅಕ್ಟೋಬರ್, ಬೆಳಗ್ಗೆ ೭

ನಿನ್ನೆ ಸಂಜೆ ಕೆಂಪಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಒಲೆಯ ಕೊಳ್ಳಿ ಹಿಂದಕ್ಕೆಳೆದಳು.

"ಅಂಗಾರೆ ನಮ್ಮೋರು ತೆಪ್ಪು ಮಾಡ್ನಿಲ್ಲ."

"ಇಲ್ಲ ಕೆಂಪಕ್ಕ."

"ನನ್ತಾವ್ ಏಳಿದ್ರಲ್ಲ, ಅದ್ನ ನಾಳೆ ಇನ್‌ಸ್ಪೆಟ್ರ್ ಮುಂದೆ ಏಳ್ತೀರಾ?"

ಹೇಳುತ್ತೇನೆ ಎಂದೆ. ನಂಬಿದಳೋ ಇಲ್ಲವೋ. ಈಗ ಬಂದು ನನ್ನ ರೂಮಿನ ಜಗಲಿಯ ಮೇಲೆ ಕೂತಿದ್ದಾಳೆ. ಜೊತೆಗೇ ಬರುತ್ತಾಳಂತೆ.

ಅಲ್ಲಿ ನಾಲಿಗೆ ತೊದಲಬಾರದು. ಇಲ್ಲೇ ಒಂದು ಸಲ ಬರೆದು ನೋಡುತ್ತೇನೆ: ತೂತು ಐದು. ಐದೂ ಸಿಡಿದವು. ಮಿಸ್‌ಫೈರ್ ಆಗಿರಲೇ ಇಲ್ಲ. ಆಯಿತೆಂದು ಹೇಳು ಎಂದು ದುರ್ಗಯ್ಯನಿಗೆ ಹೇಳಿಕೊಟ್ಟವನು ನಾನು.