ಹನ್ನೆರಡನೇ ಕೊಠಡಿಯ ಬೆಲ್

ಮಾರ್ಚ್ 12, ಮಂಗಳವಾರ
ದೇವಮಾತೆಯ ಪಟದ ಮುಂದೆ ದೀಪ, ಪ್ರಾರ್ಥನೆ. ಈಸ್ಟರ್‌ಗೆ ಮುಂಚಿನ ಉಪವಾಸದ ಎರಡನೇ ದಿನ. ಎಣ್ಣೆಯಿಲ್ಲದ ಕಾಳಿನ ಸಾರು.
ವೃದ್ಧಾಶ್ರಮದ ಹನ್ನೆರಡು ಕೊಠಡಿಗೂ ಬೆಲ್ ಜೋಡಿಸಿದ್ದಾಯಿತು. ಯಾರು ಒತ್ತಿದರೂ ನರ್ಸ್ ಮುಂದಿನ ಪರದೆಯಲ್ಲಿ ಅವರ ನಂಬರು ಬರಬೇಕು. ಪ್ರೋಗ್ರಾಂ ನನ್ನದೇ. ನಾನಿದ್ದ ಹೊಲಿಗೆ ಫ್ಯಾಕ್ಟರಿ ಮುಚ್ಚಿದ ಮೇಲೆ ಕಲಿತ ವಿದ್ಯೆಗೆ ಸಿಕ್ಕ ಮೊದಲ ಕೆಲಸ. ಹನ್ನೆರಡನೇ ಕೊಠಡಿಯಲ್ಲಿ ಒತ್ತಿ ನೋಡಿದೆ. ಹನ್ನೆರಡು ಬಂತು. ಅಲ್ಲಿರುವುದು ದೊಚ್ಕಾ ಅಜ್ಜಿ.
"ಮತ್ತೆ ಬಂದ್ಯಾ ವೆಲಿಕಾ? ನಿಂಗೆ ಬೇರೆ ಕೊಠಡಿ ಕಣ್ಣಿಗೇ ಬೀಳಲ್ವಾ? ಬಾ, ಕೂತ್ಕೋ."
ಬೀಳುವುದಿಲ್ಲ, ನಿಜ. ಮನೆಗೆ ಹೋದರೆ ಮಾತಾಡಲು ಯಾರಿದ್ದಾರೆ…

ಮಾರ್ಚ್ 14, ಗುರುವಾರ
ಮೂರನೇ ಕೊಠಡಿಯ ಗೆಂಚೋ ತಾತ ಬೆಳಿಗ್ಗೆ ಬಿದ್ದು, ಒಂದು ಗಂಟೆ ನೆಲದ ಮೇಲೇ ಇದ್ದರಂತೆ. ಸೊಂಟದ ಮೂಳೆ ಮುರಿದಿದೆ. ಆಸ್ಪತ್ರೆಗೆ ಒಯ್ದರು.
ನರ್ಸ್ ಗಿಂಕಾಗೆ ಸಿಟ್ಟೆಲ್ಲ ದೊಚ್ಕಾ ಅಜ್ಜಿಯ ಮೇಲೆ. "ಮುದುಕಿಗೆ ತಲೆ ಕೆಟ್ಟಿದೆ ಅಕ್ಕಾ. ಬೆಳಿಗ್ಗೆಯಿಂದ ಇಪ್ಪತ್ತು ಸಲ ಒತ್ತಿದಾಳೆ. ಹೋದ್ರೆ, ‘ನಾನೆಲ್ಲಿ ಒತ್ದೆ?’ ಅಂತಾಳೆ. ಬೆಲ್ಲೇ ಕಿತ್ತಿಟ್ಟೆ."
ಅವಳು ಅತ್ತ ಹೋದಳು. ಪರದೆಯಲ್ಲಿ ಮತ್ತೆ ಹನ್ನೆರಡು.
ಕಿತ್ತಿಟ್ಟ ಬೆಲ್ ಮೇಜಿನ ಮೇಲೆ, ನನ್ನ ಕಣ್ಣೆದುರೇ ಇತ್ತು.

ಮಾರ್ಚ್ 15, ಶುಕ್ರವಾರ, ಬೆಳಿಗ್ಗೆ 6
ತಪ್ಪು ಸಿಕ್ಕಿತು, ನನ್ನ ಪ್ರೋಗ್ರಾಂನಲ್ಲೇ. ಒತ್ತಿದಾಗ ನಡೆಯುವ ಪ್ರೋಗ್ರಾಂ ತುಣುಕು—ಕಾಲ್‌ಬ್ಯಾಕ್—ಎಲ್ಲ ಬೆಲ್‌ಗೂ ಒಂದೇ. ಬೆಲ್ ಜೋಡಿಸುವಾಗಲೇ ಆ ತುಣುಕಿನ ಕೈಗೆ ಆಯಾ ಕೊಠಡಿಯ ನಂಬರನ್ನೂ ಕೊಟ್ಟಿರಬೇಕಿತ್ತು. ಕೊಟ್ಟಿರಲಿಲ್ಲ. ಒತ್ತಿದಾಗ ಅದು, ಬೆಲ್‌ಗಳನ್ನು ಒಂದು, ಎರಡು ಎಂದು ಜೋಡಿಸುತ್ತಾ ಹೋದ ನನ್ನ ಎಣಿಕೆ ಎಲ್ಲಿ ನಿಂತಿದೆ ಎಂದು ನೋಡುತ್ತದೆ. ಎಣಿಕೆ ನಿಂತದ್ದು ಹನ್ನೆರಡರಲ್ಲಿ. ಯಾರು ಒತ್ತಿದರೂ ಹನ್ನೆರಡೇ.
ಹಾಗಾದರೆ ಗೆಂಚೋ ತಾತ ಬಿದ್ದಲ್ಲಿಂದಲೇ ಒತ್ತುತ್ತಿದ್ದರು; ಗಿಂಕಾ ಹೋಗುತ್ತಿದ್ದದ್ದು ಅಜ್ಜಿಯ ಕೊಠಡಿಗೆ.
ಸರಿ ಮಾಡಿದೆ. ಎರಡೇ ಸಾಲು. ಯಾರಿಗೂ ಹೇಳಲಿಲ್ಲ.

ಮಾರ್ಚ್ 19, ಮಂಗಳವಾರ
ಮೂರು ದಿನ ಬರೆಯಲು ಕೈ ಬರಲಿಲ್ಲ.
"ನೋಡ್ದ್ಯಾ? ಅವಳ ಬೆಲ್ ಕಿತ್ತ ಮೇಲೆ ಎಲ್ಲಾ ಸರಿಹೋಯ್ತು," ಅಂದಳು ಗಿಂಕಾ. ಆಶ್ರಮದ ಮುಖ್ಯಸ್ಥೆ ರೈಚೆವಾ ಮೇಡಂ ಅಜ್ಜಿಯನ್ನು ಶುಕ್ರವಾರ ಬುದ್ಧಿ ಸ್ತಿಮಿತ ಇಲ್ಲದವರ ಆಶ್ರಮಕ್ಕೆ ಕಳಿಸುತ್ತಾರಂತೆ.
ಅಜ್ಜಿ ನನ್ನ ಕೈ ಹಿಡಿದು ಕೇಳಿದರು: "ನಾನೇ ಒತ್ತಿ ಮರೀತಿದ್ನೇನೇ?"
ಅವರ ಹೊದಿಕೆ ಸರಿಮಾಡಿದೆ. ದೇವರೇ.

ಮಾರ್ಚ್ 20, ಬುಧವಾರ
ಚರ್ಚಿನಲ್ಲಿ ತಪ್ಪೊಪ್ಪಿಕೊಂಡೆ. ಫಾದರ್ ಪೂರ್ತಿ ಕೇಳಿದರು. "ದೇವರಿಗೆ ಆಗಲೇ ಗೊತ್ತು ಮಗಳೇ. ಗೊತ್ತಿಲ್ದೇ ಇರೋದು ನಿಮ್ಮ ಮೇಡಂಗೆ."

ಮಾರ್ಚ್ 21, ಗುರುವಾರ
ಮೇಡಂಗೆ ಎಲ್ಲ ಹೇಳಿದೆ. ಗೆಂಚೋ ತಾತನ ವಿಷಯವನ್ನೂ. ನಾಳೆಯಿಂದ ಬರಬೇಡಿ ಎಂದರು. ಅಜ್ಜಿಯನ್ನು ಕಳಿಸುವುದಿಲ್ಲ.
ಅಜ್ಜಿಗೂ ನಾನೇ ಹೇಳಿದೆ.
"ಹಾಗಾದ್ರೆ ನನ್ನ ತಲೆ ನೆಟ್ಟಗಿದೆ."
"ನೆಟ್ಟಗಿದೆ ಅಜ್ಜಿ."
"ಮೊನ್ನೆ ನಾನು ಕೇಳ್ದಾಗ ನಿಂಗೆ ಗೊತ್ತಿತ್ತು."
"ಗೊತ್ತಿತ್ತು."
ಗೋಡೆಯ ಕಡೆ ತಿರುಗಿ ಮಲಗಿದರು. ಕುರ್ಚಿಯಲ್ಲೇ ಕೂತಿದ್ದೆ. ಹೊರಡಲಾ ಎಂದು ಕೇಳಿದೆ. ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಇನ್ನೊಂದು ಸಲ ಕೇಳಬೇಕಿತ್ತು. ನಾನು ಎದ್ದು ಬಂದುಬಿಟ್ಟೆ.