ಬೆಲ್ಲವಿಲ್ಲದ ಉಂಡೆ

ಜುಲೈ ೨೧, ಸೋಮವಾರ

ಕಳಲೆಯ ನೀರು ಬದಲಾಯಿಸಿದೆ. ನಾಳೆ ಇನ್ನೊಂದು ಸಲ, ಆಮೇಲೆ ಕರಿಯಬಹುದು. ಬಿದಿರು ಮೊಳಕೆಯ ವಾಸನೆ ಮನೆ ತುಂಬ. ಅತ್ತೆ ಮೂಗು ಮುಚ್ಚಿಕೊಂಡು ಜಗಲಿಗೆ ಹೋದರು.

ನಮ್ಮ ಯಜಮಾನರ ಶುಗರ್ ಊಟ ಆದ ಮೇಲೆ ೨೮೬. ಶಾಲೆಯವರು ವ್ಯಾನ್ ಡ್ರೈವರ್‌ಗಳೆಲ್ಲ ಫಿಟ್‌ನೆಸ್ ಸರ್ಟಿಫಿಕೇಟ್ ತರಬೇಕು ಎಂದಿದ್ದಾರೆ, ಮುಂದಿನ ತಿಂಗಳು ಇಪ್ಪತ್ತರೊಳಗೆ. ಡಾಕ್ಟರ್ ಹೊಸ ಮಾತ್ರೆ ಕೊಟ್ಟು, ಅನ್ನ, ಬನ್ನು, ಕುರುಕಲು ಕಡಿಮೆ ಮಾಡಿ ಅಂದರಂತೆ. ಒಳಗೆ ನಾನು ಹೋಗಿರಲಿಲ್ಲ. ಇವರು ಹೊರಗೆ ಬಂದು ಹೇಳಿದ್ದು ಅಷ್ಟೇ.

ಕುರುಕಲು ಎಂದರೆ ಇವರಿಗೆ ಪ್ರಾಣ. ಪೇಟೆಯ ಮೆಕ್ಕೆಜೋಳದ ಪೊಟ್ಟಣ, ದಿನಕ್ಕೆ ಎರಡು. ನೆನ್ನೆ ಫ್ಯಾಮಿಲಿ ಗ್ರೂಪಿನಲ್ಲಿ ವಿಡಿಯೋ ಬಂತು — ಕುಲಾಂತರಿ ಜೋಳ, ಕುಲಾಂತರಿ ಸೋಯಾ, ಹತ್ತಿಬೀಜದ ಎಣ್ಣೆ, ತಿಂದರೆ ಹಾಗಾಗುತ್ತೆ, ಹೀಗಾಗುತ್ತೆ. ನಿಜವೋ ಸುಳ್ಳೋ ಗೊತ್ತಿಲ್ಲ. ಆದರೂ ಮನೆಯ ಎಣ್ಣೆ ಪ್ಯಾಕೆಟ್ ತಿರುಗಿಸಿ ಓದಿದೆ. ಹತ್ತಿಬೀಜ ಅಂತಲೇ ಇತ್ತು. ದೀಪಕ್ಕೆ ಎತ್ತಿಟ್ಟೆ. ಇನ್ನು ಕೊಬ್ಬರಿ ಎಣ್ಣೆ ಒಂದೇ.

"ಕುಲಾಂತರಿ ಅಂದ್ರೇನವ್ವ? ಕುಲ ಬಿಟ್ಟು ಮದ್ವೆ ಆದ ಜೋಳವಾ?" ಅಂದರು ಅತ್ತೆ.

"ಬೇರೆ ಜೀವದ ಗುಣ ತಂದು ಬೆಳೆಗೆ ಸೇರ್ಸಿರ್ತಾರೆ ಅತ್ತೆ."

"ಸದ್ಯ, ನಿನ್ ಗುಣ ತಂದು ನಮ್ ಮಂಜೇಶಂಗೆ ಸೇರ್ಸಿಲ್ವಲ್ಲ. ಹೆದರ್ಕಂಡು ವ್ಯಾನೇ ಹತ್ತುತಿರ್ಲಿಲ್ಲ ಅವ್ನು."

ಜುಲೈ ೨೪

ಕಳಲೆ ಗರಿಗರಿ ಬಂತು. ಖಾರದಪುಡಿ, ಉಪ್ಪು, ಅಷ್ಟೇ. ಹುಚ್ಚೆಳ್ಳು-ಕೊಬ್ಬರಿ ಉಂಡೆ ಮೊದಲು ಪುಡಿಪುಡಿ ಆಯಿತು, ಬೆಲ್ಲ ಹಾಕದೆ ಕಟ್ಟುವುದು ಹೇಗೆ? ಬಿಸಿ ಇರುವಾಗಲೇ ಅರೆದರೆ ಎಣ್ಣೆ ಬಿಟ್ಟುಕೊಂಡು ಕಟ್ಟುತ್ತದೆ. ಇವರು ಒಂದು ತಿಂದು, "ಮಣ್ಣು ಉಂಡೆ ಕಟ್ಟಿದೀಯಾ" ಅಂದರು. ಆದರೂ ಮೂರು ತಿಂದರು.

ಜುಲೈ ೨೮, ಶ್ರಾವಣದ ಮೊದಲ ಸೋಮವಾರ

ಇವರಿಗೆ ಒಪ್ಪತ್ತು. ಮದುವೆಗೆ ಮುಂಚಿನಿಂದಲೂ ತಪ್ಪಿಸಿಲ್ಲ. ರಾತ್ರಿ ಪೂಜೆ ಆದ ಮೇಲೆ ಒಂದೇ ಊಟ, ಹಗಲು ಫಲಾಹಾರ — ಬಾಳೆಹಣ್ಣು, ಬೆಲ್ಲ ಕಲೆಸಿದ ಅವಲಕ್ಕಿ. ಮನಸ್ಸಿಲ್ಲದೆ ಕೊಟ್ಟೆ. ಸಂಜೆ ಬೆರಳು ಚುಚ್ಚಿ ನೋಡಿದರೆ ೧೯೮. ಬಾಳೆಹಣ್ಣಿನದೇ ಕೆಲಸ. ಮುಂದಿನ ವಾರ ಅದೂ ಬಂದ್.

ಆಗಸ್ಟ್ ೪, ಸೋಮವಾರ

ಬೆಳಿಗ್ಗೆ ಮಾತ್ರೆ ಕೊಟ್ಟೆ. ಫಲಾಹಾರಕ್ಕೆ ಕಳಲೆ, ಉಂಡೆ. ಬೇರೇನೂ ಇಲ್ಲ. "ಅತಿ ಆದ್ರೆ ಅಮೃತಾನೂ ವಿಷ ಕಣವ್ವ" ಅಂದರು ಅತ್ತೆ. ಇನ್ನೆರಡು ಉಂಡೆ ಡಬ್ಬಿಗೆ ಹಾಕಿದೆ.

ಸಂಜೆ ೧೦೪! ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಆದರೆ... ತಡವಾಗಿ ಬಂದರು. ಶರ್ಟಿನ ಕಾಲರ್ ಒದ್ದೆ. ಈ ಚಳಿಯಲ್ಲಿ ಬೆವರು? ಜರ್ಕಿನ್ ಹಾಕಿದ್ದಕ್ಕೆ ಅಂದರು, ನನ್ನ ಮುಖ ನೋಡದೆ.

ಆಗಸ್ಟ್ ೧೦, ಭಾನುವಾರ

ಇವರು ಸೊಸೈಟಿ ಮೀಟಿಂಗಿಗೆ ಹೋಗಿದ್ದರು. ವ್ಯಾನ್ ಒರೆಸೋಣ ಎಂದು ಹತ್ತಿದೆ. ಡ್ಯಾಶ್‌ಬೋರ್ಡ್ ತೆಗೆದರೆ — ಜೋಳದ ಪೊಟ್ಟಣ ಎರಡು, ಪೆಪ್ಪರ್‌ಮಿಂಟ್, ಒಂದು ಜ್ಯೂಸ್ ಡಬ್ಬ. ಮೈಯೆಲ್ಲ ಉರಿದುಹೋಯಿತು. ನಾನು ಇಲ್ಲಿ ಒಲೆ ಮುಂದೆ ಬೇಯುತ್ತಿದ್ದರೆ ಇವರು ಕದ್ದು ತಿನ್ನುತ್ತಿದ್ದಾರೆ.

ಕೇಳಲಿಲ್ಲ. ಕೇಳಿದರೆ ಜಗಳ, ನಾಳೆ ಒಪ್ಪತ್ತು ಬೇರೆ. ಜ್ಯೂಸ್ ಮೋರಿಗೆ ಸುರಿದೆ. ಉಳಿದದ್ದು ಒಲೆಗೆ. ಆ ಜಾಗದಲ್ಲಿ ಉಂಡೆ ಡಬ್ಬಿ ಇಟ್ಟೆ.

ಆಗಸ್ಟ್ ೧೧, ಸೋಮವಾರ, ೪.೧೦

ದಿವ್ಯಶ್ರೀಗೆ ಫೋನ್ ಮಾಡಿದ್ದೆ. ನನ್ನ ತಂಗಿ, ಕುಶಾಲನಗರದಲ್ಲಿ ಮೆಡಿಕಲ್ ಶಾಪಿನಲ್ಲಿದ್ದಾಳೆ. ೧೦೪ರ ಸುದ್ದಿ ಹೇಳಿ ಹೊಗಳಿಸಿಕೊಳ್ಳೋಣ ಎಂದು.

"ಭಾವ ಡಾಕ್ಟರನ್ನ ಕಂಡ್ರಾ? ಮಾತ್ರೆ ಕಮ್ಮಿ ಮಾಡಿದ್ರಾ?"

"ಇಲ್ವಲ್ಲ. ಇವತ್ತು ಬೆಳಿಗ್ಗೆ ನಾನೇ ಕೊಟ್ಟೆ."

"ಒಪ್ಪತ್ತಿನ ದಿನಾನಾ? ಅಕ್ಕ, ಹಣ್ಣು ಅವಲಕ್ಕಿ ಏನೂ ಇಲ್ದೆ ಆ ಮಾತ್ರೆ ತಗೊಂಡ್ರೆ ಶುಗರ್ ಪೂರ್ತಿ ಇಳ್ದೋಗುತ್ತೆ. ಹೋದ ಸೋಮವಾರ ಬೆವರು ಬಂತು, ಕಣ್ಣು ಮಂಜಾಯ್ತು ಅಂತ ಭಾವನೇ ಫೋನ್ ಮಾಡಿದ್ರು. ಮೊದ್ಲು ಡಾಕ್ಟರನ್ನ ಕಾಣಿ, ಅಲ್ಲೀವರೆಗೆ ವ್ಯಾನಲ್ಲಿ ಸಿಹಿ ಇಟ್ಕೊಂಡಿರಿ ಅಂದಿದ್ದೆ. ಇಟ್ಕೊಂಡಿದಾರೆ ತಾನೆ?"

ಇಟ್ಟುಕೊಂಡಿದ್ದರು. ನಾನು ಸುಟ್ಟೆ.

೪.೨೫

ಎತ್ತುತ್ತಿಲ್ಲ. ಓಡಿಸುವಾಗ ಫೋನ್ ಎತ್ತಬೇಡಿ ಎಂದು ಆಣೆ ಹಾಕಿಸಿಕೊಂಡವಳು ನಾನೇ. ಶಾಲೆಗೆ ಮಾಡಿ ಕೇಳಿದರೆ, ಆಗಲೇ ಹೊರಟಿದ್ದಾರಂತೆ. ವ್ಯಾನ್ ತುಂಬ ಮಕ್ಕಳು. ದಾರಿಯಲ್ಲಿ ಎಸ್ಟೇಟಿನ ಆ ಇಳಿಜಾರು, ಕೆಳಗೆ ಕೆರೆ... ಬೇಡ, ಬರೆಯಬಾರದು. ಸುಮ್ಮನೆ ಕೂರಲೂ ಆಗುತ್ತಿಲ್ಲ. ಅತ್ತೆ ಲಿಂಗ ಹಿಡಿದುಕೊಂಡು ಶಿವ ಶಿವ ಅನ್ನುತ್ತಿದ್ದಾರೆ. ಪಕ್ಕದ ಮನೆ ಸಣ್ಣಸ್ವಾಮಿಗೆ ಹೇಳಿದ್ದೇನೆ. ಜೀಪ್ ಸದ್ದು. ಬಂದ —

ಆಗಸ್ಟ್ ೧೪, ಗುರುವಾರ

ಇದ್ದಾರೆ. ಮಕ್ಕಳಿಗೂ ಏನೂ ಆಗಲಿಲ್ಲ. ಇವತ್ತು ಪೆನ್ನು ಹಿಡಿಯಲು ಕೈ ಬಂತು.

ಇಳಿಜಾರಿಗೆ ಮುಂಚೆಯೇ ಕಣ್ಣು ಮಂಜಾಯಿತಂತೆ. ಎಸ್ಟೇಟ್ ಗೇಟಿಗೆ ಒತ್ತಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೀ ತೆಗೆದು ಜೇಬಿಗಿಟ್ಟು, ಡ್ಯಾಶ್‌ಬೋರ್ಡಿಗೆ ಕೈ ಹಾಕಿದರಂತೆ. ಸಿಕ್ಕಿದ್ದು ನನ್ನ ಉಂಡೆ. ಒಂದು ತಿಂದರು. ಇನ್ನೊಂದು ತಿಂದರು. ಬೆಲ್ಲವಿಲ್ಲದ ಉಂಡೆ, ಅದರಿಂದ ಏನಾಗಬೇಕು? ಸ್ಟೀರಿಂಗ್ ಮೇಲೆ ತಲೆ ಇಟ್ಟುಬಿಟ್ಟರು.

ಎರಡನೇ ಕ್ಲಾಸಿನ ತನ್ಮಯೀ ಮುಂದಿನ ಸೀಟಿನಲ್ಲಿದ್ದಳು. "ಅಂಕಲ್, ಹಸಿವಾಯ್ತಾ?" ಎಂದು ಅರ್ಧ ಕುಡಿದ ಜ್ಯೂಸ್ ಕೊಟ್ಟಳಂತೆ, ಆಮೇಲೆ ತನ್ನ ಜೋಳದ ಪೊಟ್ಟಣ. ನಾವು ಹೋದಾಗ ಇವರು ವ್ಯಾನಿನ ಮೆಟ್ಟಿಲ ಮೇಲೆ ಕೂತು ಅದನ್ನೇ ಜಗಿಯುತ್ತಿದ್ದರು. ಮೀಸೆಯಲ್ಲೆಲ್ಲ ಹಳದಿ ಪುಡಿ. ಸುತ್ತ ಮಕ್ಕಳು ನಿಂತಿದ್ದರು.

"ಯಾಕೆ ನಂಗೆ ಹೇಳ್ಲಿಲ್ಲ?"

"ಹೇಳಿದ್ರೆ ದಿನಾ ವ್ಯಾನ್ ಹಿಂದೆ ಓಡಿ ಬರ್ತಿದ್ದೆ ನೀನು, ಕುಸುಮಾ."

ನನಗೆ ನಗು ಬರಲಿಲ್ಲ. ನನ್ನ ಪ್ರೀತಿಯೇ ಇವರನ್ನು ಕೊಲ್ಲುತ್ತಿತ್ತು.

ಡಾಕ್ಟರ್ ಮಾತ್ರೆ ಬದಲಾಯಿಸಿದರು. ಈ ಸಲ ನಾನೂ ಒಳಗೆ ಹೋದೆ. ನನ್ನ ಕಳಲೆ, ಉಂಡೆ ತಪ್ಪಲ್ಲವಂತೆ, ಡಾಕ್ಟರಿಗೆ ಹೇಳದೆ ಹಣ್ಣು ಅವಲಕ್ಕಿ ಎಲ್ಲ ಒಟ್ಟಿಗೆ ನಿಲ್ಲಿಸಿದ್ದು ತಪ್ಪು. ಶಾಲೆಗೆ ಇವರೇ ಹೋಗಿ ನಡೆದದ್ದು ಹೇಳಿ ಬಂದರು.

ಆಗಸ್ಟ್ ೧೮, ಕೊನೆಯ ಸೋಮವಾರ, ೪.೧೫

ಇವತ್ತಿನಿಂದ ಓಡಿಸಬಹುದು ಎಂದು ಡಾಕ್ಟರ್ ಬರೆದುಕೊಟ್ಟರು. ವ್ಯಾನಿನಲ್ಲಿ ಜೊತೆಗೆ ಶಾಲೆಯ ಆಯಾ ಇರುತ್ತಾರೆ. ಒಪ್ಪತ್ತು ಬಿಡಲು ಇವರು ಒಪ್ಪಲೇ ಇಲ್ಲ. ಅತ್ತೆ ತಟ್ಟೆ ಮುಂದಿಟ್ಟು, "ಶಿವಂಗೆ ನಾನು ಹೇಳ್ಕತೀನಿ, ನೀನು ಉಣ್ಣು" ಅಂದರು. ಉಂಡರು.

ಡ್ಯಾಶ್‌ಬೋರ್ಡಿನಲ್ಲಿ ಪೆಪ್ಪರ್‌ಮಿಂಟ್, ಜ್ಯೂಸ್, ಜೋಳದ ಪೊಟ್ಟಣ ನನ್ನ ಕೈಯಾರೆ ಇಟ್ಟೆ.

"ಕುಲಾಂತರಿ ಅಲ್ವೇನೇ ಇದು?"

"ಸುಮ್ನೆ ಹೋಗಿ ಬನ್ನಿ."

ಎಸ್ಟೇಟ್ ಗೇಟಿನಲ್ಲಿ ವ್ಯಾನ್ ನಿಲ್ಲಿಸಿ ಒಂದು ಮಿಸ್ಡ್ ಕಾಲ್ ಕೊಡಬೇಕು. ಒಂದೇ ರಿಂಗ್ ಆದರೆ ಎಲ್ಲ ಸರಿ. ನಿಲ್ಲದೆ ಹೊಡೆದರೆ ಸಣ್ಣಸ್ವಾಮಿಯ ಜೀಪ್. ಹಾಗೆ ಮಾತಾಗಿದೆ.

ಇನ್ನೂ ಬಂದಿಲ್ಲ. ಬರುವ ಹೊತ್ತು ಆಯಿತು. ಫೋನ್ ಮಡಿಲಲ್ಲೇ ಇದೆ. ಕಳಲೆ ಒಲೆ ಮೇಲಿಟ್ಟು ಮರೆತೆ, ಸೀದ ವಾಸನೆ... ಏಳಲಾರೆ.

ರಿಂಗ್.

ಒಂದು. ನಿಂತಿತು.

ಇನ್ನೂ ನೋಡುತ್ತಿದ್ದೇನೆ. ಇಲ್ಲ, ಮತ್ತೆ ಹೊಡೆಯಲಿಲ್ಲ. ಒಂದೇ.

"ಬಂತೇನವ್ವ?" ಎಂದು ಅತ್ತೆ ಒಳಗಿಂದ ಕೇಳುತ್ತಿದ್ದಾರೆ. ಬಂತು ಅನ್ನಬೇಕು. ಬಾಯಿ ತೆರೆದರೆ ಅಳು ಬರುತ್ತಿದೆ. ಫೋನನ್ನೇ ಒಳಗೆ ಒಯ್ದು ತೋರಿಸುತ್ತೇನೆ.